ಟರ್ಬೊ ಕಾರು ಏರಿನಲ್ಲಿ ಎಳೀತಿಲ್ವಾ? ಹೈ ಪ್ರೆಶರ್ ಪಂಪ್ ಬದಲಿಸುವ ಮೊದಲು ಇದನ್ನು ಓದಿ

ಹಾಸನ, ಚಿಕ್ಕಮಗಳೂರು ಕಡೆ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ನನ್ನ ಕಾರಿನ ಎಂಜಿನ್ ಈಗ ಬಿಚ್ಚಿ ಕೂತಿದೆ. 1,500 ರೂಪಾಯಿಯಲ್ಲಿ ಮುಗಿಯುತ್ತಿದ್ದ ತೊಂದರೆಯನ್ನು ಮೂರು ತಿಂಗಳು ಯಾರೂ ಹುಡುಕಲಿಲ್ಲ, ಹುಡುಕಿ ಅಂತ ಕೇಳಲು ನನಗೂ ಗೊತ್ತಾಗಲಿಲ್ಲ.

ಕಾರು 2 ಲೀಟರಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೊ, ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ರೀಮ್ಯಾಪ್ ಮಾಡಿಸಿದ್ದರು, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿಸಿ ಪವರ್ ಏರಿಸಿದ್ದರು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಮೊದಲ ಸಲ ಕೈಕೊಟ್ಟಿತು. ಮುಂದಿದ್ದ ಟೆಂಪೊ ದಾಟೋಣ ಅಂತ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 4,000 ಆರ್‌ಪಿಎಂ ಹತ್ತಿರ ಒಂದು ಜರ್ಕ್, ಚೆಕ್ ಎಂಜಿನ್ ಲೈಟು, ಪಿಕಪ್ ಪೂರ್ತಿ ಮಾಯ. ಟೆಂಪೊ ಪಕ್ಕಕ್ಕೇ ಇದ್ದೀವಿ, ಎದುರಿನ ತಿರುವಿನಿಂದ ಜೀಪ್ ಬರ್ತಿದೆ, ಹಿಂದಿನ ಸೀಟಲ್ಲಿ ಅಮ್ಮ. ಟೆಂಪೊ ಡ್ರೈವರ್ ಬ್ರೇಕ್ ಹಾಕಿ ಜಾಗ ಬಿಟ್ಟಿದ್ದಕ್ಕೆ ಉಳಿದೆವು. ಕೊಟ್ಟಿಗೆಹಾರದವರೆಗೆ ಅಮ್ಮ ಒಂದು ಮಾತೂ ಆಡಲಿಲ್ಲ.

ಊರಿಗೆ ಬಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿದೆ. ಪಿ 0087 ಕೋಡ್ ಬಂತು. ಫ್ಯೂಯೆಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನಲ್ಲಿ, ಪ್ರೆಶರ್ ಕಡಿಮೆ ಅಂತ ಅದರರ್ಥ. ಅವರು ನಿಂತಲ್ಲೇ ರೇಸ್ ಮಾಡಿ ನೋಡಿ, "ಸಾರ್, ಹೈ ಪ್ರೆಶರ್ ಪಂಪ್ ಹೋಗಿದೆ, ಬದಲಿಸಿಬಿಡಿ" ಅಂದರು. ಪಾರ್ಟು, ಕೂಲಿ ಎಲ್ಲ ಸೇರಿ 68,000. ವಾರಕ್ಕೇ ಅದೇ ಜರ್ಕ್. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಆಮೇಲೆ ಪ್ಲಗ್ಗು, ಕಾಯಿಲು. ಪ್ರತಿ ಸಲ ಕೋಡ್ ಅಳಿಸಿ ಕೊಡೋರು, ನಾನು ಓಡಿಸಿ ನೋಡ್ತಿದ್ದೆ.

ಒಂದು ಕೋಡು ಏನು ಹೇಳುತ್ತೆ, ಏನು ಹೇಳಲ್ಲ ಅನ್ನುವುದು ಮುಖ್ಯ. ಈ ಎಂಜಿನ್ನುಗಳಲ್ಲಿ ಪಂಪು ಎರಡು. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪು 4ರಿಂದ 6 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದೆ ಕಳಿಸುತ್ತದೆ. ಕ್ಯಾಮ್‌ಶಾಫ್ಟ್ ಓಡಿಸುವ ಹೈ ಪ್ರೆಶರ್ ಪಂಪು ಅದನ್ನು 150–200 ಬಾರ್‌ವರೆಗೆ ಏರಿಸಿ ಇಂಜೆಕ್ಟರಿಗೆ ಕೊಡುತ್ತದೆ. ಪಿ 0087 ಅಳೆಯುವುದು ರೈಲಿನಲ್ಲಿ, ಅಂದರೆ ಕೊನೆಯಲ್ಲಿ. ಕೊರತೆ ಎಲ್ಲಿಂದ ಶುರುವಾಯ್ತು ಅಂತ ಅದು ಹೇಳುವುದಿಲ್ಲ. ಕಾಫಿ ತೋಟಕ್ಕೆ ಹೂವಿನ ನೀರು ಹಾಯಿಸುವವರಿಗೆ ಇದು ಬೇಗ ಅರ್ಥವಾಗುತ್ತೆ: ಕೆರೆಯಲ್ಲಿ ಪೈಪಿನ ತುದಿಯ ಫುಟ್‌ವಾಲ್ವ್ ಕಟ್ಟಿಕೊಂಡಿದ್ದರೆ ದಡದ ಮೇಲೆ ಎಷ್ಟು ಹೊಸ ಪಂಪ್ ಕೂರಿಸಿದರೂ ಸ್ಪ್ರಿಂಕ್ಲರ್ ತಿರುಗಲ್ಲ.

ಇನ್ನೊಂದು, ನಿಂತಲ್ಲೇ ರೇಸ್ ಕೊಟ್ಟರೆ ಈ ರೋಗ ಕಾಣಿಸಿಕೊಳ್ಳುವುದೇ ಇಲ್ಲ. ಲೋಡ್ ಇಲ್ಲದಾಗ ಎಂಜಿನ್ ಕುಡಿಯುವ ಪೆಟ್ರೋಲ್ ಬಹಳ ಕಡಿಮೆ, ಸೊರಗಿದ ಪಂಪೂ ಅಷ್ಟನ್ನು ಪೂರೈಸುತ್ತದೆ. ಟರ್ಬೊ ಗಾಳಿ ತುಂಬಿದಾಗಲೇ ಬೇಡಿಕೆ ಏರುವುದು. ರೀಮ್ಯಾಪ್ ಆಗಿದ್ದರೆ ಇನ್ನೂ ಜಾಸ್ತಿ. ಈಗ ಬಂಕಿನಲ್ಲಿ ಸಿಗುವುದು ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್), ಅಷ್ಟೇ ಗಾಳಿಗೆ ಅದು ಹೆಚ್ಚು ಬೇಕು, ಪಂಪಿಗೆ ಕೆಲಸವೂ ಹೆಚ್ಚು.

ಕೊನೆಗೆ ಚಿಕ್ಕಮಗಳೂರಿನ ಒಬ್ಬ ಹಳೇ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಕತೆಯೆಲ್ಲ ಕೇಳಿ ಅವರು ಕೇಳಿದ್ದು ಒಂದೇ: "ಟ್ಯಾಂಕ್ ಕಡೆ ಗೇಜ್ ಹಾಕಿ ಓಡಿಸಿ ನೋಡಿದ್ರಾ?" ಯಾರೂ ನೋಡಿರಲಿಲ್ಲ. ಟ್ಯಾಂಕಿನಿಂದ ಬರುವ ಲೋ ಪ್ರೆಶರ್ ಲೈನಿಗೆ ಒತ್ತಡ ತೋರಿಸುವ ಗೇಜ್ ಕೂರಿಸಿ, ಅದರ ಪೈಪನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿನ ಮೇಲೆ ಹೊರಗಡೆಯಿಂದಲೇ ಟೇಪ್ ಹಚ್ಚಿದರು. ಪೆಟ್ರೋಲ್ ಪೈಪು ಕಾರಿನೊಳಗೆ ಬರಲೇಬಾರದು ಅಂದರು. ಬೆಳಗ್ಗೆ ಆರು ಗಂಟೆಗೆ, ರಸ್ತೆ ಖಾಲಿ ಇರುವಾಗ, ಕೈಮರದ ಏರು ಹತ್ತಿಸಿದೆವು. ಅವರ ತೊಡೆಯ ಮೇಲೆ ಲ್ಯಾಪ್‌ಟಾಪ್. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಜಿನ ಮೇಲಿನ ಮುಳ್ಳು 5 ಬಾರ್‌ನಿಂದ ನಡುಗುತ್ತಾ 2ಕ್ಕೆ ಇಳಿಯಿತು. ಲ್ಯಾಪ್‌ಟಾಪಿನಲ್ಲಿ ಎಂಜಿನ್ ಕೇಳುತ್ತಿದ್ದದ್ದು 150 ಬಾರ್, ಸಿಗುತ್ತಿದ್ದದ್ದು 70. "ನಿಲ್ಸಿ ಸಾರ್, ಸಾಕು" ಅಂದರು. ಒಂದೇ ನಿಮಿಷದಲ್ಲಿ ಉತ್ತರ ಸಿಕ್ಕಿತು. ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ.

ಹಿಂದಿನ ಸೀಟು ಎತ್ತಿ ಟ್ಯಾಂಕಿನ ಪಂಪಿನ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿದರು. ನಾಲ್ಕು ಪಿನ್ನಿನಲ್ಲಿ ಒಂದು ಕಂದುಬಣ್ಣಕ್ಕೆ ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಅದಕ್ಕೇ ಅಂಟಿಕೊಂಡಿತ್ತು. ಅದು ಅರ್ತ್ ಪಿನ್ನು. ಪಂಪ್ ಜೋರಾಗಿ ಓಡುವಾಗ ಆ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಮೀಟರ್ ಹಿಡಿದರೆ 1.8 ವೋಲ್ಟ್. 0.2 ಮೀರಬಾರದಂತೆ. ಪಂಪಿಗೆ ಸಿಗಬೇಕಾದ ಅಷ್ಟು ವೋಲ್ಟೇಜು ದಾರಿಯಲ್ಲೇ ಬಿಸಿಯಾಗಿ ಹೋಗ್ತಿತ್ತು. ಹೊಸ ಕಪ್ಲರ್, ಎರಡಡಿ ವೈರು ಹಾಕಿ ಮತ್ತೆ ಅದೇ ಏರು ಹತ್ತಿಸಿದಾಗ ಮುಳ್ಳು 5 ಬಿಟ್ಟು ಇಳಿಯಲಿಲ್ಲ.

ಆದರೆ ಐಡ್ಲಿಂಗಿನಲ್ಲಿ ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಉಳಿದಿತ್ತು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ, ನೋಡಿದರೆ ಮೂರು ಸಿಲಿಂಡರ್ 12 ಬಾರ್, ಒಂದು 7. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇರುವಾಗ ಪೆಟ್ರೋಲ್ ಸಾಲದೆ ಹೋದರೆ ಒಳಗಿನ ಶಾಖ ಏರಿ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ ರಿಂಗ್ ಕೂರುವ ಅಂಚು ಒಡೆಯುತ್ತದೆ. ಸರಿಹೋಯ್ತಾ ಅಂತ ಪ್ರತಿ ಸಲ ಒತ್ತಿ ಒತ್ತಿ ನೋಡಿ ಅದನ್ನು ಒಡೆದವನು ನಾನೇ.

ಈ ಕೋಡ್ ಬಂದ ದಿನವೇ ಬೂಸ್ಟ್ ಬರುವಷ್ಟು ಒತ್ತುವುದನ್ನು ನಿಲ್ಲಿಸಿ, ಓವರ್‌ಟೇಕ್ ಬೇಡವೇ ಬೇಡ. ಗ್ಯಾರೇಜಿನವರನ್ನು ಕೇಳಿ: ಲೋಡಿನಲ್ಲಿ ಟ್ಯಾಂಕ್ ಕಡೆಯ ಪ್ರೆಶರ್ ಎಷ್ಟು, ಪಂಪಿನ ಕಪ್ಲರಿನಲ್ಲಿ ವೋಲ್ಟೇಜ್ ಎಷ್ಟು, ಫಿಲ್ಟರ್ ಯಾವಾಗ ಬದಲಿಸಿದ್ದು? ಉತ್ತರ ಇಲ್ಲದೆ ದೊಡ್ಡ ಸ್ಪೇರ್ ಪಾರ್ಟ್‌ಗೆ ದುಡ್ಡು ಕೊಡಬೇಡಿ. ಮನೆಯಲ್ಲೇ ಹೈ ಪ್ರೆಶರ್ ಪೈಪ್ ಸಡಿಲಿಸುವ ಸಾಹಸವೂ ಬೇಡ, ಎಂಜಿನ್ ಆಫ್ ಮಾಡಿದ ಮೇಲೂ ಅದರಲ್ಲಿ ಒತ್ತಡ ಉಳಿದಿರುತ್ತದೆ, ಚಿಮ್ಮಿದರೆ ಚರ್ಮ ತೂರುತ್ತದೆ.

ಲೋ ಪ್ರೆಶರ್ ಗೇಜ್ ಒಂದನ್ನು ಅಡಾಪ್ಟರ್ ಸಮೇತ ಈಗ ನಾನೇ ಕೊಂಡಿಟ್ಟಿದ್ದೀನಿ. ಹಾಸನ, ಬೇಲೂರು, ಸಕಲೇಶಪುರ ಕಡೆಯವರು ಯಾರಿಗಾದರೂ ಬೇಕಿದ್ದರೆ ಕೇಳಿ, ನಾನೇ ತಂದುಕೊಡ್ತೀನಿ.