ಏರಿನಲ್ಲಿ ಎಳೆತ ಕಳೆದುಕೊಂಡ ವಿದ್ಯುತ್ ಕಾರು: ದೀರ್ಘ ಬಳಕೆಯ ನಂತರದ ವಿಮರ್ಶೆ

ಮೂರು ವರ್ಷಕ್ಕೂ ಮೀರಿ ಓಡಿಸಿರುವ ನನ್ನ ವಿದ್ಯುತ್ ಕಾರಿನಲ್ಲಿ ದೂರುವುದಕ್ಕಿಂತ ಮೆಚ್ಚುವುದೇ ಹೆಚ್ಚಿದೆ. ಆದರೂ ಈ ಬರಹದ ಬಹುಪಾಲನ್ನು ಒಂದೇ ತೊಂದರೆಗೆ ಮೀಸಲಿಡುತ್ತಿದ್ದೇನೆ. ವೇಗೋತ್ಕರ್ಷ ಮಂದವಾದ ಕೂಡಲೇ ‘ಬ್ಯಾಟರಿಗೆ ವಯಸ್ಸಾಯಿತು’ ಎಂದು ಕೈಚೆಲ್ಲುವ ಮೊದಲು ಮಾಲೀಕರು ತಾವೇ ಪತ್ತೆಮಾಡಬಹುದಾದದ್ದು ಸಾಕಷ್ಟಿದೆ. ನನ್ನದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳ (ಸೆಲ್‌ಗಳ) ಬ್ಯಾಟರಿಯಿರುವ ಮಧ್ಯಮ ಗಾತ್ರದ ಎಸ್‌ಯುವಿ.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಏರುವಾಗ, ಚಾರ್ಜ್ ಶೇಕಡಾ 40ಕ್ಕಿಂತ ಕೆಳಗಿದ್ದರೆ, ಪೆಡಲನ್ನು ಪೂರ್ತಿ ಒತ್ತಿದರೂ ಮುಂದಿನ ಲಾರಿಯನ್ನು ಧೈರ್ಯದಿಂದ ಹಿಂದಿಕ್ಕುವಷ್ಟು ಎಳೆತ ಬರುತ್ತಿರಲಿಲ್ಲ. ಎಚ್ಚರಿಕೆಯ ದೀಪ ಯಾವುದೂ ಉರಿಯುತ್ತಿರಲಿಲ್ಲ. ಪೆಡಲನ್ನು ಸಡಿಲಿಸಿ ಕೆಲವು ಕ್ಷಣ ಬಿಟ್ಟು ಮತ್ತೆ ಒತ್ತಿದರೆ ಹಳೆಯ ಚುರುಕು ತುಸು ಹೊತ್ತು ಮರಳಿ, ಮತ್ತೆ ಕುಸಿಯುತ್ತಿತ್ತು. ಬೆಂಗಳೂರಿನ ನಿತ್ಯದ ಓಡಾಟದಲ್ಲಿ ಇದು ಗಮನಕ್ಕೇ ಬರುತ್ತಿರಲಿಲ್ಲ.

ಸುಲಭದ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ಇಕೋ ಮೋಡ್ ಆನ್ ಆಗಿಲ್ಲವೇ, ಟಯರಿನ ಗಾಳಿ ಸರಿಯಿದೆಯೇ, ಬ್ರೇಕ್ ಹಿಡಿದುಕೊಂಡು ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗುತ್ತಿದೆಯೇ, ಕೂಲಂಟ್ ಮಟ್ಟ ಇಳಿದಿದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಪೆಡಲಿನಲ್ಲಿ ಎರಡು ಸೆನ್ಸರ್‌ಗಳಿದ್ದು, ಅವೆರಡರ ಸಂಕೇತಗಳು ತಾಳೆಯಾಗದಿದ್ದರೆ ಸಾಮಾನ್ಯವಾಗಿ ಎಚ್ಚರಿಕೆಯ ದೀಪ ಉರಿಯುತ್ತದೆ. ನನ್ನ ಕಾರಿನಲ್ಲಿ ಇವೆಲ್ಲವೂ ಸರಿಯಾಗಿದ್ದವು.

ಪೆಟ್ರೋಲ್ ಎಂಜಿನ್ ಬಡಕಲಾದರೆ ಶಬ್ದದಲ್ಲೋ ಹೊಗೆಯಲ್ಲೋ ಅದರ ಸುಳಿವು ಸಿಗುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರು ಸೋಲುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್, ‘ಈಗ ಇಷ್ಟೇ ಕಿಲೋವಾಟ್’ ಎಂದು ಲೆಕ್ಕಹಾಕಿ ಮಿತಿ ಹೇರುತ್ತದೆ. ಉಷ್ಣತೆ, ಚಾರ್ಜ್ ಮಟ್ಟ, ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ ಅತ್ಯಂತ ದುರ್ಬಲ ಕೋಶದ ವೋಲ್ಟೇಜ್, ಈ ಮೂರನ್ನೂ ಅದು ನೋಡುತ್ತದೆ. ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಸೋತರೆ ಉಳುಮೆಯೆಲ್ಲ ಅದರ ನಡಿಗೆಗೇ ಇಳಿಯುವಂತೆ, ಒಂದು ಕೋಶ ಕೆಳಮಿತಿಯನ್ನು ಸಮೀಪಿಸಿದರೆ ಇಡೀ ಪ್ಯಾಕಿನ ಕರೆಂಟನ್ನು ಬಿಎಂಎಸ್ ತಗ್ಗಿಸುತ್ತದೆ.

ಹೀಗಾಗಿ ಒಬಿಡಿ ಪೋರ್ಟಿಗೆ, ಅಂದರೆ ಕಾರಿನ ದೋಷಪತ್ತೆಯ ಸಾಕೆಟ್ಟಿಗೆ, ಸಿಕ್ಕಿಸುವ ಅಗ್ಗದ ಬ್ಲೂಟೂತ್ ಸಾಧನವೊಂದನ್ನು ಕೊಂಡು, ಫೋನಿನಲ್ಲಿ ಕೋಶಗಳ ಗರಿಷ್ಠ ಮತ್ತು ಕನಿಷ್ಠ ವೋಲ್ಟೇಜುಗಳನ್ನು ನೋಡಿದೆ. ನಿಂತ ಕಾರಿನಲ್ಲಿ ಎಲ್ಲ ಕೋಶಗಳೂ 3.27 ವೋಲ್ಟಿನ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಎಲ್‌ಎಫ್‌ಪಿಯಲ್ಲಿ ಈ ಸಮಾಧಾನವನ್ನು ನಂಬುವಂತಿಲ್ಲ, ಏಕೆಂದರೆ ಚಾರ್ಜ್ ಹೆಚ್ಚುಕಡಿಮೆಯಾದರೂ ನಡುಭಾಗದಲ್ಲಿ ಅದರ ವೋಲ್ಟೇಜ್ ರೇಖೆ ಬಹುತೇಕ ಸಪಾಟಾಗಿರುತ್ತದೆ. ಅದೇ ಘಾಟಿಯ ಏರಿನಲ್ಲಿ, ಪಕ್ಕದಲ್ಲಿ ಕುಳಿತವರು ಪರದೆ ನೋಡುತ್ತಿದ್ದಾಗ, ಉಳಿದ ಕೋಶಗಳು 3.1 ವೋಲ್ಟಿನ ಬಳಿ ನಿಂತಿದ್ದರೆ ಒಂದು ಮಾತ್ರ 2.7ರವರೆಗೆ ಕುಸಿಯಿತು, ಅದರ ಬೆನ್ನಿಗೇ ಲಭ್ಯ ಶಕ್ತಿಯ ಅಂಕಿಯೂ ಇಳಿಯಿತು. ಪ್ರತಿ ಸಲವೂ ಕುಸಿದದ್ದು ಅದೇ ಸಂಖ್ಯೆಯ ಕೋಶ. ಬ್ಯಾಟರಿಯ ಉಷ್ಣತೆ ಮಿತಿಯೊಳಗೇ ಇತ್ತು.

ಇಲ್ಲಿ ಆತುರ ಸಲ್ಲದು. ಕೋಶಗಳ ಚಾರ್ಜಿನಲ್ಲಿ ಅಸಮತೋಲನವಿದ್ದರೂ ಇಂಥದೇ ಚಿತ್ರ ಕಾಣಬಹುದು. ಮನೆಯ ನಿಧಾನದ ಎಸಿ ಚಾರ್ಜರಿನಲ್ಲಿ ಶೇಕಡಾ 100ರವರೆಗೆ ತುಂಬಿಸಿ ಇನ್ನಷ್ಟು ಹೊತ್ತು ಜೋಡಿಸಿಯೇ ಬಿಟ್ಟರೆ ಬಿಎಂಎಸ್ ಅದನ್ನು ಕ್ರಮೇಣ ಸರಿಪಡಿಸುತ್ತದೆ. ಹಾಗೆ ಮಾಡಿದಾಗ ರೇಂಜ್ (ಉಳಿದ ಚಾರ್ಜಿನಲ್ಲಿ ಓಡಬಲ್ಲ ದೂರ) ಅಂದಾಜು ಇನ್ನಷ್ಟು ನಿಖರವಾಯಿತೇ ಹೊರತು ಏರಿನಲ್ಲಿನ ಕುಸಿತ ನಿಲ್ಲಲಿಲ್ಲ. ಅಂದಮೇಲೆ ಇದು ಚಾರ್ಜಿನ ಕೊರತೆಯಲ್ಲ. ಆ ಕೋಶದಲ್ಲಿಯೋ ಅದರ ಬಸ್‌ಬಾರ್ (ಕೋಶಗಳನ್ನು ಬೆಸೆಯುವ ಲೋಹದ ಪಟ್ಟಿ) ಜೋಡಣೆಯಲ್ಲಿಯೋ ಪ್ರತಿರೋಧ ಏರಿದೆ.

ಸರ್ವಿಸ್ ಕೇಂದ್ರದವರು ಮೊದಲು ಸಾಫ್ಟ್‌ವೇರ್ ನವೀಕರಿಸಿ, ‘ಬ್ಯಾಟರಿಯ ಆರೋಗ್ಯ ಶೇಕಡಾ 94 ಇದೆ, ದೋಷವಿಲ್ಲ’ ಎಂದು ಕಳುಹಿಸಿಕೊಟ್ಟರು. ಈ ಉತ್ತರವನ್ನು ಯಾರೂ ಒಪ್ಪಬಾರದೆಂದು ಒತ್ತಿ ಹೇಳುತ್ತೇನೆ. ಆರೋಗ್ಯ ಎಂದು ತೋರಿಸುವ ಆ ಅಂಕಿ ಸಾಮಾನ್ಯವಾಗಿ ಬ್ಯಾಟರಿ ಎಷ್ಟು ಶಕ್ತಿಯನ್ನು ಹಿಡಿದಿಡಬಲ್ಲದು ಎಂಬುದನ್ನು ಹೇಳುತ್ತದೆ. ಅದನ್ನು ಎಷ್ಟು ಬೇಗ ಹೊರಗೆ ಕೊಡಬಲ್ಲದು ಎಂಬುದು ಆಂತರಿಕ ಪ್ರತಿರೋಧಕ್ಕೆ ಸೇರಿದ ಬೇರೆಯೇ ವಿಷಯ. ಏರಿನಲ್ಲಿ ದಾಖಲಿಸಿದ ಅಂಕಿಗಳನ್ನೂ ಕೋಶದ ಸಂಖ್ಯೆಯನ್ನೂ ಲಿಖಿತ ದೂರಿಗೆ ಲಗತ್ತಿಸಿದ ಮೇಲೆ ತಂತ್ರಜ್ಞರೊಬ್ಬರು ಕಡಿಮೆ ಚಾರ್ಜಿನಲ್ಲಿ ಕಾರನ್ನು ತಾವೇ ಓಡಿಸಿ ನೋಡಿ ದೋಷವನ್ನು ಒಪ್ಪಿಕೊಂಡರು. ಪ್ಯಾಕ್ ಬಿಚ್ಚಿ, ಆ ಕೋಶವಿದ್ದ ಮಾಡ್ಯೂಲನ್ನು, ಅಂದರೆ ಕೋಶಗಳ ಗುಂಪನ್ನು, ಬದಲಿಸಲಾಯಿತು. ಹೊಸ ಮಾಡ್ಯೂಲಿನ ಚಾರ್ಜನ್ನು ಉಳಿದವುಗಳ ಮಟ್ಟಕ್ಕೆ ತಂದ ನಂತರವೇ ಜೋಡಿಸಿದರೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಯೇ ನನ್ನ ಬ್ಯಾಟರಿಗೂ ಇದ್ದುದರಿಂದ ನನಗೆ ಖರ್ಚು ಬರಲಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಮಾಲೀಕರ ಕೆಲಸ ಒಬಿಡಿ ಪೋರ್ಟಿನ ಆಚೆಗೆ ಹೋಗಬಾರದು.

ದುರಸ್ತಿಯಾದ ಮೇಲೆ ಕೋಶಗಳ ನಡುವಿನ ಅಂತರ ಏರಿನಲ್ಲೂ ಅತ್ಯಲ್ಪ. ಶೇಕಡಾ 25ರ ಚಾರ್ಜಿನಲ್ಲೂ ಲಾರಿಯನ್ನು ಹಿಂದಿಕ್ಕುವ ಭರವಸೆ ಮರಳಿದೆ. ಮೌನದ ಪಯಣ, ಇಳಿಜಾರಿನಲ್ಲಿ ಬ್ರೇಕನ್ನು ಉಳಿಸುವ ರೀಜನ್ (ವೇಗ ತಗ್ಗಿಸುತ್ತಲೇ ಬ್ಯಾಟರಿಗೆ ಚಾರ್ಜ್ ಮರಳಿಸುವ ವ್ಯವಸ್ಥೆ), ಕಡಿಮೆ ನಿರ್ವಹಣಾ ವೆಚ್ಚ ಇವುಗಳಿಗಾಗಿ ಈ ಕಾರನ್ನು ಶಿಫಾರಸು ಮಾಡುತ್ತೇನೆ. ಆದರೆ ಬಿಎಂಎಸ್ ಶಕ್ತಿಯನ್ನು ಕಡಿತಗೊಳಿಸಿರುವುದನ್ನು ಚಾಲಕನಿಗೆ ತಿಳಿಸದೆ ಇರುವುದು ಗಂಭೀರ ಕೊರತೆ, ಏಕೆಂದರೆ ಹಿಂದಿಕ್ಕುವ ನಿರ್ಧಾರದಲ್ಲಿ ಜೀವದ ಪ್ರಶ್ನೆಯಿದೆ. ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರು ಕೊಳ್ಳುವವರು, ಪೂರ್ತಿ ಚಾರ್ಜಾಗಿ ನಿಂತ ಕಾರನ್ನು ನೋಡಿ ಮುಂಗಡ ಕೊಡದೆ, ಚಾರ್ಜ್ ಶೇಕಡಾ 30ಕ್ಕೆ ಇಳಿದ ಮೇಲೆ ಉದ್ದನೆಯ ಏರೊಂದರಲ್ಲಿ ಕನಿಷ್ಠ ಕೋಶದ ವೋಲ್ಟೇಜನ್ನು ಗಮನಿಸುತ್ತಾ ಓಡಿಸಿ ನೋಡಲಿ.