ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್: ವಿಜಯಪುರದ ಬೇಸಿಗೆ ಕಂಡ ಮೇಲೆ

ಬೆಳಿಗ್ಗೆ ಚಹಾ ಕುದಿಯುವಷ್ಟರಲ್ಲಿ ಸಮುದ್ರ ಮೀನಿನ ತೊಟ್ಟಿಯ ಉಪ್ಪು ನೋಡಿ ಮುಗಿಸುತ್ತೇನೆ. ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಉಪ್ಪು ಹೇಳುವ ರಿಫ್ರಾಕ್ಟೋಮೀಟರ್ ನನ್ನ ಕೈಯಲ್ಲಿರುತ್ತದೆ. ಪಿಪೆಟ್‌ನಿಂದ ಎರಡು ಹನಿ ನೀರನ್ನು ಅದರ ಗಾಜಿನ ಮೇಲೆ ಬಿಟ್ಟು, ಮೇಲಿನ ಹಾಳೆಯನ್ನು ಒಂದು ಬದಿಯಿಂದ ಮೆಲ್ಲಗೆ ಇಳಿಸಬೇಕು. ಗುಳ್ಳೆ ಸಿಕ್ಕಿಕೊಂಡಿತೋ, ಒರೆಸಿ ಮತ್ತೆ ಶುರು. ಅರ್ಧ ನಿಮಿಷ ತಾಳಿ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ 35ರ ಮೇಲೆ, ಅಂದರೆ ಸಾವಿರ ಪಾಲಿಗೆ 35 ಪಾಲು ಉಪ್ಪಿನ ಮೇಲೆ ನಿಂತಿದ್ದರೆ ಆ ದಿನದ ಚಹಾಕ್ಕೆ ರುಚಿ ಹೆಚ್ಚು. ಬ್ಯಾಟರಿ ಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ. ಒಂದೂವರೆ ಸಾವಿರ ರೂಪಾಯಿಗೆ ಇಷ್ಟು ಸುಖ ಸಿಗುತ್ತದೆಂದು ಎಣಿಸಿರಲಿಲ್ಲ.

ಮೀನಿನ ಹೊಲಸಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಪರೀಕ್ಷೆಯ ಬಾಟಲಿಗಳ ಗಲಾಟೆ ಹೊಸ ತೊಟ್ಟಿಗೆ ಒಂದು ಒಂದೂವರೆ ತಿಂಗಳು. ಅವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಿ ಎರಡೂ ಸೊನ್ನೆಗಿಳಿದ ಮೇಲೆ ಬಾಟಲಿಗಳನ್ನು ಆಗಾಗ ತೆಗೆದರೆ ಸಾಕು. ಉಪ್ಪಿನ ಲೆಕ್ಕ ಮಾತ್ರ ಮುಗಿಯುವುದಿಲ್ಲ, ನಮ್ಮ ಬಿಸಿಲಿನಲ್ಲಂತೂ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನನ್ನ ನೂರು ಲೀಟರ್ ತೊಟ್ಟಿಯಿಂದ ಐದು ಲೀಟರ್ ಹಾರಿದರೆ 35 ಇದ್ದದ್ದು 36.8 ಆಗುತ್ತದೆ. ಇಳಿದಷ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಬೇಕು. "ಸವಳು ನೀರಿಗೆ ದುಡ್ಡು ಯಾಕೆ ಸುರಿಯುತ್ತೀಯ ತಮ್ಮಾ, ನಮ್ಮ ಬೋರ್‌ವೆಲ್ ಇದೆಯಲ್ಲ" ಎಂದು ಪಕ್ಕದ ಮನೆಯ ಕಾಕಾ ಈಗಲೂ ನಗುತ್ತಾರೆ. ಬೋರಿನ ಸವಳಿನಲ್ಲಿ ಸಮುದ್ರದ ಲವಣಗಳ ಪ್ರಮಾಣ ಇರುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಇನ್ನು ಸಿಟ್ಟಿನ ಮಾತು. ಉಷ್ಣತೆಗೆ ತಾನೇ ಹೊಂದಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದೆ. ಅದು 10ರಿಂದ 30 ಡಿಗ್ರಿಯೊಳಗೆ ಮಾತ್ರ ಎಂಬುದು ಒಳಗಿನ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಏಪ್ರಿಲ್‌ನಲ್ಲಿ ಹೊರಗೆ 40 ಮುಟ್ಟುವ ಊರಿದು. ಮಧ್ಯಾಹ್ನ ನಮ್ಮ ಪಡಸಾಲೆಯೇ 30 ದಾಟಿರುತ್ತದೆ. ಆ ಹೊತ್ತಿನಲ್ಲಿ ಅದು ಹೇಳುವ ಅಂಕಿಯನ್ನು ನಾನು ನಂಬುವುದಿಲ್ಲ.

ದೊಡ್ಡ ತಕರಾರು ಬೇರೆ ಇದೆ. ಇದರ ಅಳತೆಗೆರೆಗಳು ಬರೀ ಅಡುಗೆ ಉಪ್ಪಿನ ದ್ರಾವಣಕ್ಕೆ ಹೊಂದಿಸಿದವು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಇತ್ಯಾದಿಯೂ ಇರುವುದರಿಂದ ಬೆಳಕು ಬಾಗುವ ಲೆಕ್ಕ ತುಸು ಬೇರೆ. ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸಿದರೆ, ನಿಜವಾದ 35ರ ಸಮುದ್ರ ನೀರು ಸುಮಾರು 36.5 ಎಂದು ಕಾಣುತ್ತದೆ. ಚೀಟಿ ಹೇಳಿಕೊಡುವುದು ಇದೇ ವಿಧಾನವನ್ನು! ಅದನ್ನು ನಂಬಿ 35ಕ್ಕೆ ಕಲಸಿದವರ ತೊಟ್ಟಿಯಲ್ಲಿ ಇರುವುದು 33.5ರ ಆಸುಪಾಸು. ಮೀನು ಹೇಗೋ ಸಹಿಸಿಕೊಂಡೀತು. ಹವಳ ಸಾಕುವವರಿಗೆ ಈ ಸಡಿಲ ಸಲ್ಲದು.

ಮದ್ದು ಇಲ್ಲದಿಲ್ಲ. ಸಮುದ್ರದ ನೀರಿಗೆಂದೇ ಮಾಡಿದ 35ರ ಪ್ರಮಾಣ ದ್ರಾವಣ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಅದರ ಎರಡು ಹನಿ ಬಿಟ್ಟು, ತಿರುಪು ತಿರುಗಿಸಿ ಗೆರೆಯನ್ನು 35ಕ್ಕೆ ತಂದರೆ ನಮಗೆ ಬೇಕಾದ ಜಾಗದಲ್ಲಿ ಅಳತೆ ಸರಿಹೋಗುತ್ತದೆ. ಹಾಗೆ ಹೊಂದಿಸಿಕೊಂಡ ಮೇಲೆ, ತಂಪು ಹೊತ್ತಿನಲ್ಲಿ ನೋಡುವವರೆಗೆ, ಇದು ನನ್ನನ್ನು ಕೈಬಿಟ್ಟಿಲ್ಲ. ಡಿಜಿಟಲ್ ಯಂತ್ರದ ಬೆಲೆ ನನ್ನ ಸಂಬಳಕ್ಕೆ ಎಟುಕುವುದೂ ಇಲ್ಲ. ನೀವು ಕೊಳ್ಳುವುದಾದರೆ ಅಂಗಡಿಯಲ್ಲಿ ಮೊದಲು ಆ ಬಾಟಲಿ ಕೇಳಿ. ಅದು ಬೇಡವೇ ಬೇಡ, ಶುದ್ಧ ನೀರೇ ಸಾಕು ಎಂದು ಅಂಗಡಿಯವರು ವಾದಿಸಿದರೆ ಉಪಕರಣವನ್ನೂ ಅಲ್ಲಿ ಕೊಳ್ಳಬೇಡಿ.