ಡೆಲಾಂಗಿ ಡೆಡಿಕಾ: ದಾವಣಗೆರೆ ನೀರಿಗೆ ತಾಳುತ್ತದೆಯೇ?

ಈ ಎಸ್ಪ್ರೆಸೊ ಕಾಫಿ ಯಂತ್ರ ಒಳ್ಳೆಯದೇ. ಆದರೆ ದಾವಣಗೆರೆಯ ಅಡುಗೆಮನೆಯಲ್ಲಿ ಅದರ ಆಯಸ್ಸು ನೀರಿನ ಕೈಯಲ್ಲಿದೆ. ಬೋರ್‌ವೆಲ್‌ನ ಗಡಸು ನೀರು ತುಂಬಿಸಿದರೆ ನೀರು ಕಾಯಿಸುವ ಥರ್ಮೋಬ್ಲಾಕ್‌ನ ಸಣ್ಣ ದಾರಿಯಲ್ಲಿ ಸುಣ್ಣ ಕಟ್ಟುತ್ತದೆ. ಪಂಪ್ ಗುರುಗುಟ್ಟುತ್ತದೆ, ಕಾಫಿ ಮಾತ್ರ ತೊಟ್ಟಿಕ್ಕುತ್ತದೆ. ಟಿಡಿಎಸ್ (ಕರಗಿದ ಲವಣದ ಅಳತೆ) 100ರ ಆಸುಪಾಸಿಗೆ ಹೊಂದಿಸಿದ ಆರ್‌ಓ ನೀರು ಹಾಕಿ. ಸುಣ್ಣ ತೆಗೆಯಲು ಸೂಚಿಸುವ ಡಿಸ್ಕೇಲ್ ದೀಪ ಹೊತ್ತಿದರೆ ನಾಳೆಗೆ ಮುಂದೂಡಬೇಡಿ.

ಯಂತ್ರದ ಜೊತೆಗೆ ಬರುವ, ಪುಡಿ ತುಂಬುವ ಎರಡು ಗೋಡೆಯ ಬುಟ್ಟಿ ತರಿಪುಡಿಯಲ್ಲೂ ನೊರೆ ಬರಿಸುತ್ತದೆ, ರುಚಿ ಮಾತ್ರ ಸಪ್ಪೆ. 51 ಮಿ.ಮೀ. ಒಂಟಿಗೋಡೆಯ ಬುಟ್ಟಿ ಕೊಳ್ಳಿ: 14 ಗ್ರಾಂ ಪುಡಿಗೆ 25–30 ಸೆಕೆಂಡಿನಲ್ಲಿ 28 ಗ್ರಾಂ ಕಾಫಿ ಇಳಿಯಬೇಕು. 12 ಸೆಕೆಂಡಿಗೇ ಸುರಿದು ಹುಳಿಯಾದರೆ ಇನ್ನೂ ನುಣ್ಣಗೆ ಬೀಸಿ. ಫಿಲ್ಟರ್‌ಗೆಂದು ತಂದ ಚಿಕೋರಿ ಬೆರೆಸಿದ ಪುಡಿ ಬೇಡವೇ ಬೇಡ. ನೆನೆದು ಅಂಟಾಗಿ ಬುಟ್ಟಿಯ ಕಣ್ಣು ಮುಚ್ಚುತ್ತದೆ. ಹಾಲು ಕಾಯಿಸಿದ ತಕ್ಷಣ ಸ್ಟೀಮ್ ಕೊಳವೆ ಒರೆಸಿ.